ಓದುಗರ ಪ್ರಶ್ನೆ: ಎಳೆಯನ್ನೂ ಎಣಿಸಬೇಕು, ಕುಕ್ಕರಿನ ಸೀಟಿಯನ್ನೂ ಎಣಿಸಬೇಕು

ಪ್ರಶ್ನೆ: ನಾನು ಹಾಸನದಿಂದ ಪ್ರತಿದಿನ ಬಸ್ಸಿನಲ್ಲಿ ಬೇಲೂರಿನ ಶಾಲೆಗೆ ಹೋಗಿಬರುವ ಶಿಕ್ಷಕಿ. ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರಿಂದ ಕಸೂತಿ ಕಲಿತಿದ್ದೇನೆ. ಅದಕ್ಕೆಂದೇ ಬಿಡುವು ಸಿಗದ ಕಾರಣ ಬಸ್ಸಿನಲ್ಲಿ, ಅಡುಗೆಯ ನಡುವೆ, ರಾತ್ರಿ ರೇಡಿಯೊ ಕೇಳುತ್ತ ಹಾಕುತ್ತೇನೆ. ಮರುದಿನ ನೋಡಿದರೆ ಅರ್ಧದಷ್ಟು ಬಿಚ್ಚಬೇಕಾಗುತ್ತದೆ. ಹೀಗೆ ಎರಡು ಕೆಲಸಗಳನ್ನು ಜೊತೆಯಾಗಿ ಮಾಡುವುದೇ ತಪ್ಪೇ, ಮೇಡಂ?
— ಶಿಕ್ಷಕಿ, ಹಾಸನ

ಉತ್ತರ: ತಪ್ಪಲ್ಲ. ಆದರೆ ನೀವು ಆರಿಸಿಕೊಂಡಿರುವ ಕಸೂತಿ, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹಾಕುವ ಕೆಲಸವಾದ್ದರಿಂದ, ಎಣಿಕೆಯನ್ನು ಬೇಡುವ ಇನ್ನೊಂದು ಕೆಲಸವನ್ನು ಅದು ತನ್ನ ಪಕ್ಕದಲ್ಲಿ ಸಹಿಸುವುದಿಲ್ಲ. ನಾನೇ ಒಮ್ಮೆ ಅವರೆಕಾಳು ಬೇಯಲು ಇಟ್ಟು, ಕುಕ್ಕರಿನ ಸೀಟಿಯನ್ನೂ ಕಸೂತಿಯಲ್ಲಿ ಹಾಕುತ್ತಿದ್ದ ಗೋಪುರದ ಮೆಟ್ಟಿಲುಗಳನ್ನೂ ಒಟ್ಟಿಗೆ ಎಣಿಸಲು ಹೋಗಿ, ಕಾಳು ಕರಗಿ ಗೋಪುರ ಒಂದು ಪಕ್ಕಕ್ಕೆ ವಾಲಿದ್ದನ್ನು ನೋಡಿ ಮನೆಯವರೆಲ್ಲ ನಕ್ಕಿದ್ದರು.

ಆದ್ದರಿಂದ ಒಂದೇ ಕೆಲಸದೊಳಗೆ ಎಣಿಸುವ ಭಾಗ ಯಾವುದು, ಎಣಿಕೆ ಬೇಡದ ಭಾಗ ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಕಸೂತಿಯ ಹೊಲಿಗೆಗಳಾದ ಗವಂತಿ, ಮುರ್ಗಿ, ಮೆಂತಿ, ನೇಗಿಗಳಲ್ಲಿ ಗವಂತಿಯನ್ನೇ ತೆಗೆದುಕೊಳ್ಳಿ: ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತೇವೆ, ಗಂಟಿಲ್ಲದೆ ಎರಡೂ ಬದಿ ಒಂದೇ ರೀತಿ ಕಾಣುವುದು ಇದರಿಂದಲೇ. ವಿನ್ಯಾಸದ ಗೆರೆ ಕವಲೊಡೆಯುವ ಜಾಗಗಳನ್ನು ಹೋಗುವಾಗಲೇ ಸರಿಯಾಗಿ ಎಣಿಸಿ ಗುರುತಿಸಿಕೊಂಡಿದ್ದರೆ, ಹಿಂದಿರುಗುವ ದಾರಿಯಲ್ಲಿ ಎಣಿಸುವುದು ಬಹುಮಟ್ಟಿಗೆ ಉಳಿಯುವುದೇ ಇಲ್ಲ. ಹೋಗುವ ದಾರಿಯನ್ನು ಭಾನುವಾರ ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ, ಯಾರೂ ಮಾತನಾಡಿಸದ ಹೊತ್ತಿನಲ್ಲಿ ಮುಗಿಸಿ. ಹಿಂದಿರುಗುವ ದಾರಿಯನ್ನು ವಾರದ ರಾತ್ರಿಗಳ ರೇಡಿಯೊಗೆ ಬಿಡಿ. ಮೆಟ್ಟಿಲಿನಂತೆ ಓರೆಯಾಗಿ ಸಾಗುವ ಮುರ್ಗಿಗೂ ಇದೇ ಕ್ರಮ ನಡೆಯುತ್ತದೆ. ಮೆಂತಿಯಲ್ಲಿ ಮೊದಲ ಸಾಲಿನ ಓರೆ ಹೊಲಿಗೆಗಳು ಸರಿಯಾಗಿ ಬಿದ್ದರೆ, ಅವುಗಳ ಮೇಲೆ ಅಡ್ಡ ಹೊಲಿಗೆ ಹಾಕುವುದನ್ನು ಮಾತಿನ ನಡುವೆಯೂ ಮಾಡಬಹುದು. ನೇಗಿ ಮಾತ್ರ ನೇಯ್ಗೆಯಂತೆ ಪ್ರತಿ ಸಾಲಿನಲ್ಲೂ ಉದ್ದ ಬದಲಾಯಿಸುವುದರಿಂದ, ಅದನ್ನು ಯಾವ ಕೆಲಸದೊಂದಿಗೂ ಸೇರಿಸಬೇಡಿ.

ಬಸ್ಸಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ರಸ್ತೆ ಉಬ್ಬುಗಳಿಗೇನೂ ಕಡಿಮೆಯಿಲ್ಲ, ನಿಂತವರು ಮೈಮೇಲೆ ವಾಲುವುದೂ ಇದೆ. ಅಲ್ಲಿ ಚೂಪಾದ ಸೂಜಿ ನಿಮಗೂ ಪಕ್ಕದವರಿಗೂ ಅಪಾಯ. ಆ ಒಂದು ಗಂಟೆಗೆ ಕ್ರೋಶಾ ಕಡ್ಡಿಯನ್ನೋ ಉಲ್ಲನ್ನೋ ಇಟ್ಟುಕೊಳ್ಳಿ. ಕೈಗೆ ರೂಢಿಯಾದ ಮೇಲೆ ಅದನ್ನು ನೋಡದೆಯೇ ಹೆಣೆಯಬಹುದು. ಅಡುಗೆಮನೆಯಲ್ಲಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಹತ್ತು ಹದಿನೈದು ನಿಮಿಷಗಳನ್ನು ದಾರ ಸಿದ್ಧಪಡಿಸಲು ಬಳಸಿ: ಲಚ್ಚಿಯ ಆರು ಎಳೆಗಳಲ್ಲಿ ಬೇಕಾದ ಒಂದೆರಡನ್ನು ಬಿಡಿಸಿ, ಮೊಳದಷ್ಟು ಕತ್ತರಿಸಿ, ನಾಲ್ಕೈದು ಸೂಜಿಗಳಿಗೆ ಪೋಣಿಸಿಟ್ಟರೆ ರಾತ್ರಿ ದೀಪದ ಕೆಳಗೆ ಸೂಜಿಯ ಕಣ್ಣು ಹುಡುಕುವ ಗೋಜಿರುವುದಿಲ್ಲ. ಬಣ್ಣಗಳನ್ನೂ ಹಗಲಲ್ಲೇ ಆರಿಸಿಡಿ, ಏಕೆಂದರೆ ರಾತ್ರಿಯ ದೀಪಕ್ಕೆ ಕಡುನೀಲಿಯೂ ಕಪ್ಪೂ ಒಂದೇ ಆಗಿ ಕಾಣುತ್ತವೆ.

ಪ್ರಶ್ನೆ: ನೆರೆಹೊರೆಯವರ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತೇನೆ. ಟಿ.ವಿ. ನೋಡುತ್ತ ಕಟ್ಟಿದರೆ ಕೆಲಸ ಕೆಡುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕುಚ್ಚಿನ ಗಂಟನ್ನು ಬೆರಳೇ ಬಲ್ಲದು, ಅದಕ್ಕೆ ಕಣ್ಣು ಬೇಕಿಲ್ಲ. ಕೆಡುವುದು ಕುಚ್ಚುಗಳ ನಡುವಿನ ಅಂತರ. ಸೆರಗಿನ ಉದ್ದಕ್ಕೂ ಸ್ಕೇಲು ಹಿಡಿದು ಅಂತರವನ್ನು ಮೊದಲೇ ಗುರುತಿಸಿಕೊಂಡು, ಬಳಿಕ ಧಾರಾವಾಹಿ ಹಾಕಿಕೊಳ್ಳಿ. ಆದರೆ ಬೇರೆಯವರ ಸೀರೆಯನ್ನು ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ರೇಷ್ಮೆಯ ಮೇಲೆ ಬಿದ್ದ ಅರಿಸಿನದ ಕಲೆಗೆ ನೀವು ಪಡೆಯುವ ಮಜೂರಿ ಸಾಲದು.

ಪ್ರಶ್ನೆ: ಮನೆಯಲ್ಲಿ ತೆವಳುವ ಮೊಮ್ಮಗುವಿದೆ. ಕಸೂತಿ ಹಾಕುತ್ತಿರುವಾಗ ಮೇಲಿಂದ ಮೇಲೆ ಎದ್ದು ಹೋಗಬೇಕಾಗುತ್ತದೆ. ಕೆಲಸವನ್ನು ಅರ್ಧಕ್ಕೆ ಬಿಡುವ ಸರಿಯಾದ ಕ್ರಮ ಯಾವುದು?
— ಅಜ್ಜಿ, ಸಕಲೇಶಪುರ

ಉತ್ತರ: ಮಗು ಎಚ್ಚರವಿರುವಾಗ ಸೂಜಿಯನ್ನು ಹೊರಗೆ ತೆಗೆಯದಿರುವುದೇ ಮೊದಲ ಕ್ರಮ, ಆ ಹೊತ್ತಿಗೆ ಲಚ್ಚಿ ಬಿಡಿಸುವುದು, ಬಣ್ಣ ಜೋಡಿಸುವುದು ಸಾಕು. ಮಗು ಮಲಗಿದ ಮೇಲೆ ಕುಳಿತರೆ, ತೆಗೆದ ಸೂಜಿಗಳೆಷ್ಟು ಎಂದು ಎಣಿಸಿಟ್ಟುಕೊಂಡು, ಏಳುವಾಗ ಅಷ್ಟನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ ಮೇಲಿನ ಗೂಡಿನಲ್ಲಿಡಿ. ಒಂದು ಕಡಿಮೆಯಾದರೆ ಕೈಯಿಂದ ನೆಲ ಸವರಬೇಡಿ, ಚಿಕ್ಕ ಅಯಸ್ಕಾಂತವನ್ನು ಆಡಿಸಿ. ಎಣಿಕೆಯ ನಡುವೆ ಏಳಬೇಕಾಗಿ ಬಂದರೆ, ಎಷ್ಟು ಎಳೆಗೆ ನಿಲ್ಲಿಸಿದಿರಿ ಎಂಬುದನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಮಗುವಿನ ಒಂದು ಅಳು ಸಾಕು, ಲೆಕ್ಕ ಮರೆತುಹೋಗುತ್ತದೆ. ನಿಮ್ಮದು ಮಳೆಯ ಊರಾದ್ದರಿಂದ ಇನ್ನೊಂದು ಮಾತು: ಜೂನ್ ತಿಂಗಳಿಂದಾಚೆಗೆ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಬಿಟ್ಟರೆ ಶೀತಕ್ಕೆ ತುಕ್ಕು ಹಿಡಿದು, ಒಗೆದರೂ ಹೋಗದ ಕಂದು ಚುಕ್ಕೆ ಉಳಿಯುತ್ತದೆ. ಹೊಲಿಗೆ ಎಷ್ಟೇ ಅರ್ಧವಾಗಿರಲಿ, ಸೂಜಿಯನ್ನು ದಾರದಿಂದ ಕಳಚಿಯೇ ಏಳಿ.