ಆ ಏಳು ಪ್ರಯತ್ನಗಳನ್ನು ಬರೆಯಿರಿ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಮನೆಯ ಶೆಡ್ಡಿನಲ್ಲಿ ಜೆಟ್ ಎಂಜಿನ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ಇದು ಬರೆಯಲೇಬೇಕಾದ ಲೇಖನ. ನಿಮ್ಮ ಕೈಯಲ್ಲಿ ಒಳ್ಳೆಯ ಸರಕಿದೆ, ಅದನ್ನು ನೀವೇ ಬಚ್ಚಿಟ್ಟಿದ್ದೀರಿ.

ನಿಮ್ಮ ಕತೆ ಇಷ್ಟು. ಸೇವೆಯಿಂದ ತೆಗೆದುಹಾಕಿದ ಹಳೆಯ ವೈಪರ್ ಜೆಟ್ ಎಂಜಿನ್ ಒಂದನ್ನು ಕೊಂಡಿರಿ. ಅದರ ಸ್ಟಾರ್ಟರ್ ಇರಲಿಲ್ಲ. ಲಾರಿಯ 24 ವೋಲ್ಟ್ ಸ್ಟಾರ್ಟರ್ ತಂದು, ಎರಡನ್ನೂ ಕೂಡಿಸುವ ಅಡಾಪ್ಟರನ್ನು ಲೇತಿನಲ್ಲಿ ತಿರುವಿಸಿ, ಜೋಡಿಸಿ, ಎಂಜಿನ್ ಓಡಿಸಿದಿರಿ. ಒಂಬತ್ತು ಪುಟಗಳ ಲೇಖನದಲ್ಲಿ ಸ್ಟಾರ್ಟರ್ ಬರುವುದು ಐದನೇ ಪುಟದಲ್ಲಿ. ಅಲ್ಲಿ ಹೀಗೆ ಬರೆದಿದ್ದೀರಿ: ‘ಮೊದಲ ಕೆಲವು ಪ್ರಯತ್ನಗಳು ವಿಫಲವಾದವು. ತದನಂತರ ಎಂಜಿನ್ ಯಶಸ್ವಿಯಾಗಿ ಚಾಲನೆಗೊಂಡಿತು.’

ಈ ಎರಡು ಸಾಲುಗಳ ನಡುವೆ ನಿಮ್ಮ ಇಡೀ ಲೇಖನ ಕಳೆದುಹೋಗಿದೆ.

ಅದು ನನಗೆ ಗೊತ್ತಾಗಿದ್ದು ನೀವು ಫೋಟೊಗಳ ಜೊತೆ ಸೇರಿಸಿದ್ದ ಒಂದು ನೋಟ್‌ಬುಕ್ ಪುಟದಿಂದ. ಎಣ್ಣೆ ಹತ್ತಿದ ಪುಟ. ಅದರಲ್ಲಿ ಏಳು ಪ್ರಯತ್ನಗಳ ಲೆಕ್ಕ ಇದೆ, ವೇಗವನ್ನು ಎಂಜಿನ್ನಿನ ಪೂರ್ತಿ ವೇಗದ ಶೇಕಡಾ ಲೆಕ್ಕದಲ್ಲಿ ಬರೆದಿದ್ದೀರಿ. ಮೊದಲನೆಯದು: ‘ಶೇ 9. ಏರ್ತಿಲ್ಲ. ಕೇಬಲ್ ಬಿಸಿ. ನಿಲ್ಲಿಸಿದೆ.’ ನಾಲ್ಕನೆಯದು: ‘ಹತ್ತಿತು! ಶೇ 22ಕ್ಕೆ ನಿಂತಿತು. ಟೆಂಪರೇಚರ್ ಓಡ್ತಿದೆ. ಫ್ಯೂಯೆಲ್ ಕಟ್.’ ಆರನೆಯದರ ಮುಂದೆ ಒಂದೇ ಮಾತು: ‘ಬೆಂಕಿ.’ ಲೇಖನದ ಒಂಬತ್ತು ಪುಟಗಳಲ್ಲಿ ಇಲ್ಲದ ಜೀವ ಈ ಒಂದು ಪುಟದಲ್ಲಿದೆ. ಓದುತ್ತಾ ನನ್ನ ಎದೆ ಹೊಡೆದುಕೊಂಡಿತು.

ಮೊದಲ ಪ್ರಯತ್ನವನ್ನೇ ನೋಡಿ. ಶೇ 9ಕ್ಕೆ ಯಾಕೆ ನಿಂತಿತು? ಅದನ್ನು ವಿವರಿಸಿದರೆ ಓದುಗನಿಗೆ ಅರ್ಧ ವಿಷಯ ತಿಳಿದಂತೆ. ಲಾರಿಯ ಸ್ಟಾರ್ಟರ್ ಸಾಮಾನ್ಯವಾಗಿ ಸೀರೀಸ್ ಮೋಟಾರ್, ಅಂದರೆ ನಿಂತಿರುವ ಫೀಲ್ಡ್ ಕಾಯಿಲಿನಲ್ಲೂ ತಿರುಗುವ ಆರ್ಮೇಚರಿನಲ್ಲೂ ಒಂದೇ ಕರೆಂಟ್ ಹರಿಯುವ ಮೋಟಾರ್. ನಿಂತಲ್ಲಿಂದ ಹೊರಡುವಾಗ ಅದರ ಎಳೆತ ಎಲ್ಲಕ್ಕಿಂತ ಜಾಸ್ತಿ, ವೇಗ ಏರಿದಂತೆ ಎಳೆತ ಇಳಿಯುತ್ತದೆ. ಡೀಸೆಲ್ ಎಂಜಿನ್ನಿಗೆ ಇದು ಸರಿಹೊಂದುತ್ತದೆ, ನಾಲ್ಕು ಸುತ್ತು ತಿರುಗಿಸಿದರೆ ಸಾಕು. ಗಾಳಿಯನ್ನು ಎಳೆದು ಒತ್ತುವ ಜೆಟ್ಟಿನ ಕಂಪ್ರೆಸರ್ ಇದಕ್ಕೆ ಪೂರಾ ಉಲ್ಟಾ. ಶುರುವಿನಲ್ಲಿ ಕೈಯಿಂದಲೂ ತಿರುಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಅಡ್ಡಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಬೇಕಾಗುವ ಶಕ್ತಿ ಎಂಟು ಪಟ್ಟು. ಒಂದು ಗೆರೆ ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ. ಎರಡೂ ಕೂಡುವ ಕಡೆ ವೇಗ ಏರುವುದು ನಿಂತುಬಿಡುತ್ತದೆ, ಇನ್ನೆಷ್ಟು ಹೊತ್ತು ಸ್ವಿಚ್ ಒತ್ತಿ ಹಿಡಿದರೂ ಅಷ್ಟೇ. ಆ ಜಾಗ ಬೆಂಕಿ ಹತ್ತಲು ಬೇಕಾದ ವೇಗಕ್ಕಿಂತ ಕೆಳಗಿದ್ದರೆ ನಿಮ್ಮ ಶ್ರಮವೆಲ್ಲ ಹೊಗೆ.

‘ಕೇಬಲ್ ಬಿಸಿ’ ಎಂದು ಬರೆದುಕೊಂಡಿದ್ದೀರಲ್ಲ, ಉತ್ತರ ಅಲ್ಲೇ ಇತ್ತು. 600 ಆಂಪಿಯರ್ ಹರಿಯುವಾಗ ಕೇಬಲ್ಲು, ಕ್ಲ್ಯಾಂಪು ಎಲ್ಲ ಸೇರಿ ಬರೀ 5 ಮಿಲಿಓಮ್ ಅಡ್ಡಿ ಇದ್ದರೂ 3 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. ಅದರ ಮೇಲೆ ಬ್ಯಾಟರಿಯೂ ಕುಗ್ಗುತ್ತದೆ. ನೀವು ಬ್ಯಾಟರಿಯ ಮೇಲೆ ಮೀಟರ್ ಇಟ್ಟು ನೋಡಿದ್ದೀರಿ. ಸ್ಟಾರ್ಟರಿನ ಟರ್ಮಿನಲ್ ಮೇಲೆ ಇಟ್ಟು ನೋಡಿದ್ದು ಯಾವಾಗ? ಮೂರನೇ ಪ್ರಯತ್ನದ ನಂತರ ಎಂದು ನೋಟ್‌ಬುಕ್ ಹೇಳುತ್ತದೆ. ಅದನ್ನು ಬರೆಯಿರಿ. ದಪ್ಪ, ಗಿಡ್ಡ ಕೇಬಲ್ ಹಾಕಿದ ಮೇಲೆ ಶೇ 9 ಎಷ್ಟಕ್ಕೆ ಏರಿತು ಎಂದು ಬರೆಯಿರಿ.

ನಾಲ್ಕನೇ ಪ್ರಯತ್ನ ಇನ್ನೂ ಮುಖ್ಯ. ಬೆಂಕಿ ಹತ್ತಿದ ಕೂಡಲೇ ಸ್ಟಾರ್ಟರ್ ಬಿಟ್ಟುಬಿಟ್ಟಿರಿ, ಅಲ್ವಾ? ಕಾರು ಓಡಿಸಿದ ಎಲ್ಲರ ಕೈಯೂ ಹಾಗೇ ಮಾಡುತ್ತದೆ. ಜೆಟ್ ಎಂಜಿನ್ ಹಾಗಲ್ಲ. ಕಂಪ್ರೆಸರನ್ನು ತಿರುಗಿಸಬೇಕಾದ್ದು ಬಿಸಿ ಗಾಳಿಯಿಂದ ತಿರುಗುವ ಟರ್ಬೈನ್, ಆದರೆ ಬೆಂಕಿ ಹತ್ತಿದ ಮೇಲೂ ಸ್ವಲ್ಪ ಹೊತ್ತು ಅದರ ಶಕ್ತಿ ಸಾಲುವುದಿಲ್ಲ. ತನ್ನ ಕಾಲ ಮೇಲೆ ತಾನು ನಿಲ್ಲುವ ವೇಗ ಬರುವವರೆಗೆ ಸ್ಟಾರ್ಟರ್ ತಳ್ಳುತ್ತಲೇ ಇರಬೇಕು. ಮಧ್ಯದಲ್ಲಿ ಬಿಟ್ಟರೆ ವೇಗ ಅಲ್ಲೇ ನಿಲ್ಲುತ್ತದೆ, ಗಾಳಿ ಕಡಿಮೆ, ಇಂಧನ ಮಾತ್ರ ಬರುತ್ತಲೇ ಇದೆ, ಶಾಖ ಏರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಟರ್ಬೈನ್ ಬ್ಲೇಡುಗಳು ಹಾಳಾಗಬಹುದು. ನೀವು ಇಂಧನ ಕತ್ತರಿಸಿದ್ದು ಎಂಜಿನ್ ಉಳಿಸಿತು. ಅದನ್ನು ಹೇಳಲು ಯಾಕೆ ಸಂಕೋಚ?

ಆರನೆಯದು. ಐದರಲ್ಲಿ ಇಂಧನ ಚಿಮ್ಮಿತು, ಹತ್ತಲಿಲ್ಲ. ಆ ಇಂಧನ ಒಳಗೇ ನಿಂತಿತ್ತು. ಅದನ್ನು ಹೊರಹಾಕದೆ ಆರನೇ ಸಲ ಕಿಡಿ ಕೊಟ್ಟಿರಿ. ಹಿಂದಿನಿಂದ ಬಂದ ಜ್ವಾಲೆ ಎಷ್ಟು ಉದ್ದವಿತ್ತು, ನೀವು ಎಲ್ಲಿ ನಿಂತಿದ್ದಿರಿ, ಏನು ಮಾಡಿದಿರಿ? 1937ರ ಏಪ್ರಿಲ್ 12ರಂದು ಜೆಟ್ ಎಂಜಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾಂಕ್ ವಿಟಲ್ ಇಂಗ್ಲೆಂಡಿನ ರಗ್ಬಿಯಲ್ಲಿ ತಮ್ಮ ಎಂಜಿನ್ನನ್ನು ಮೊದಲು ಓಡಿಸಿದರು. ಆ ಮೊದಲ ಓಟಗಳಲ್ಲಿ ಇಂಧನ ಬಂದ್ ಮಾಡಿದ ಮೇಲೂ ಎಂಜಿನ್ ವೇಗ ಏರುತ್ತಲೇ ಹೋಯಿತು, ಸುತ್ತ ಇದ್ದವರು ಓಡಿದರು. ಮೊದಲೇ ಸೋರಿ ಒಳಗೆ ನಿಂತಿದ್ದ ಇಂಧನವೇ ಕಾರಣ. ನೀವು ಎಡವಿದ್ದು ವಿಟಲ್ ಎಡವಿದ ಜಾಗದಲ್ಲೇ. ಹತ್ತದಿದ್ದರೆ ಇಂಧನವನ್ನೂ ಕಿಡಿಯನ್ನೂ ಬಂದ್ ಮಾಡಿ, ಒಳಗಿನದು ಬಸಿದುಹೋಗಲು ಬಿಟ್ಟು, ಬರೀ ಸ್ಟಾರ್ಟರಿನಿಂದ ತಿರುಗಿಸಿ ಗಾಳಿ ಹೊಡೆಸಬೇಕು. ಸ್ಟಾರ್ಟರ್ ತಣಿಯಲು ಬಿಡಬೇಕು. ಲೇಖನದಲ್ಲಿ ಈ ಮಾತು ಎಲ್ಲೂ ಇಲ್ಲ. ಓದಿದ ಯಾರೋ ಒಬ್ಬರು ನಾಳೆ ತಮ್ಮ ಶೆಡ್ಡಿನಲ್ಲಿ ಇದನ್ನು ಮಾಡುತ್ತಾರೆ. ಅವರ ಮೊದಲ ದಿನ ನಿಮ್ಮ ಏಳನೇ ಪ್ರಯತ್ನದಂತೆ ಇರುವುದಿಲ್ಲ, ಮೊದಲನೆಯದರಂತೆ ಇರುತ್ತದೆ.

ಇನ್ನು ಅಡಾಪ್ಟರ್. ‘ಸೂಕ್ತ ಕ್ಲಚ್ ಅಳವಡಿಸಲಾಯಿತು’ ಎಂದು ಮುಗಿಸಿದ್ದೀರಿ. ಯಾವ ಕ್ಲಚ್? ಲಾರಿ ಸ್ಟಾರ್ಟರಿನ ಪಿನಿಯನ್ನಿನಲ್ಲಿರುವ (ಚಿಕ್ಕ ಹಲ್ಲುಚಕ್ರದಲ್ಲಿರುವ), ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ಚೇ ಆಗಿದ್ದರೆ ನನಗೆ ಭಯ. ಅದು ಒಂದೆರಡು ಸೆಕೆಂಡು ಜಾರುವುದಕ್ಕೆ ಮಾಡಿದ್ದು. ಎಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಹತ್ತು ನಿಮಿಷ ಓಡಿದರೆ ಅದು ಕಾದು ಹಿಡಿದುಕೊಳ್ಳಬಹುದು. ಆಗ ಎಂಜಿನ್ನೇ ಸ್ಟಾರ್ಟರನ್ನು ತಿರುಗಿಸಲು ಶುರುಮಾಡುತ್ತದೆ. ಚಿಕ್ಕ ವಯಸ್ಸಿನಲ್ಲಿ ನಾನು ಮೋಟಾರ್ ರಿವೈಂಡಿಂಗ್ ಮಾಡುವ ಕಡೆ ಸ್ವಲ್ಪ ಕಾಲ ಕೆಲಸ ಮಾಡಿದ್ದೆ. ಮಿತಿ ಮೀರಿ ತಿರುಗಿದ ಆರ್ಮೇಚರ್ ಹೇಗಿರುತ್ತದೆಂದು ನೋಡಿದ್ದೇನೆ. ತಾಮ್ರದ ಸುರುಳಿಗಳು ಸ್ಲಾಟಿನಿಂದ ಎದ್ದು ಬಂದು ಕವಚವನ್ನು ಒಳಗಿನಿಂದ ಕೆರೆದಿದ್ದವು. ಆದ್ದರಿಂದ ಕೇಳುತ್ತಿದ್ದೇನೆ: ಎಂಜಿನ್ ಎದ್ದ ಮೇಲೆ ಸ್ಟಾರ್ಟರ್ ಪೂರ್ತಿ ಕಳಚಿಕೊಳ್ಳುತ್ತದೆಯೇ? ಶಾಫ್ಟಿನಲ್ಲಿ ಎಲ್ಲಾದರೂ ಬೇಕೆಂದೇ ಸಣ್ಣ ಮಾಡಿದ ಕುತ್ತಿಗೆ ಇದೆಯೇ, ಏನಾದರೂ ಹಿಡಿದುಕೊಂಡರೆ ಮೊದಲು ಅದೇ ಮುರಿಯಲಿ ಎಂದು? ಒಂದು ಚಿತ್ರ ಬೇಕು. ಕೈಯಲ್ಲಿ ಬಿಡಿಸಿದ್ದೇ ಸಾಕು, ಅಳತೆ ಇರಲಿ.

ತಿರುಗುವ ದಿಕ್ಕಿನ ಪ್ಯಾರಾ ಮಾತ್ರ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಬ್ಯಾಟರಿ ತಂತಿ ಅದಲುಬದಲು ಮಾಡಿದರೂ ಸೀರೀಸ್ ಮೋಟಾರ್ ಅದೇ ದಿಕ್ಕಿಗೆ ತಿರುಗಿದ್ದು, ಕೊನೆಗೆ ಫೀಲ್ಡ್ ಕಾಯಿಲಿನ ತುದಿಗಳನ್ನು ಬದಲಿಸಿದ್ದು, ಆಮೇಲೆ ಬ್ರಷ್ಷಿನಲ್ಲಿ ಕಿಡಿ ಜಾಸ್ತಿಯಾಗಿದ್ದು. ಇಲ್ಲಿ ನೀವು ಕಂಡದ್ದನ್ನು ಕಂಡಂತೆ ಹೇಳಿದ್ದೀರಿ.

ಮೊದಲ ಮೂರು ಪುಟಗಳ ಜೆಟ್ ಚರಿತ್ರೆಯನ್ನು ತೆಗೆಯಿರಿ. ಅಲ್ಲಿ ಉಳಿಸಬೇಕಾದ್ದು ಒಂದೇ: ವೈಪರನ್ನು ಮೊದಲು ಮಾಡಿದ್ದು ಜಿಂಡಿವಿಕ್ ಎಂಬ, ಗುಂಡು ಹೊಡೆಯುವ ಅಭ್ಯಾಸಕ್ಕೆ ಗುರಿಯಾಗುವ ಪೈಲಟ್ ಇಲ್ಲದ ವಿಮಾನಕ್ಕಾಗಿ, ಕೆಲವೇ ಗಂಟೆ ಓಡಿದರೆ ಸಾಕು ಎಂದು. ಅದೇ ಎಂಜಿನ್ ಆಮೇಲೆ ತರಬೇತಿ ವಿಮಾನಗಳಲ್ಲಿ ವರ್ಷಗಟ್ಟಲೆ ದುಡಿಯಿತು. ಚರಿತ್ರೆ ಬೇಕೇ ಬೇಕು ಅನಿಸಿದರೆ ಸ್ಟಾರ್ಟರುಗಳದ್ದು ಬರೆಯಿರಿ. ಜರ್ಮನಿಯ ಯುಮೊ 004 ಜೆಟ್ ಎಂಜಿನ್ನಿನ ಮೂತಿಯೊಳಗೆ ಸುಮಾರು 10 ಅಶ್ವಶಕ್ತಿಯ ಪುಟ್ಟ ಟೂ ಸ್ಟ್ರೋಕ್ ಎಂಜಿನ್ ಇತ್ತು. ಅದನ್ನು ಹಗ್ಗ ಎಳೆದೂ ಸ್ಟಾರ್ಟ್ ಮಾಡಬಹುದಿತ್ತು. ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71ರ ಎಂಜಿನ್ ಎಬ್ಬಿಸಲು ಎರಡು ಬ್ಯೂಕ್ ವಿ8 ಕಾರ್ ಎಂಜಿನ್ನುಗಳಿದ್ದ ಗಾಡಿ ತರುತ್ತಿದ್ದರು. ನಿಮ್ಮ ಲಾರಿ ಸ್ಟಾರ್ಟರಿಗೆ ಇವೆಲ್ಲ ನೆಂಟರು.

ಸುರಕ್ಷತೆಯ ಮಾತು ಕೊನೆಯ ಚೌಕಟ್ಟಿನಲ್ಲಿ ಬೇಡ, ಕತೆಯ ಒಳಗೇ ಬರಲಿ. ಎಂಜಿನ್ನನ್ನು ಯಾವುದಕ್ಕೆ ಕಟ್ಟಿದ್ದಿರಿ, ಟರ್ಬೈನ್ ಚಕ್ರದ ನೇರಕ್ಕೆ ಯಾರೂ ನಿಲ್ಲದಂತೆ ಹೇಗೆ ನೋಡಿಕೊಂಡಿರಿ, ಗಾಳಿ ಎಳೆಯುವ ಬಾಯಿಗೆ ಜಾಲರಿ ಇತ್ತೇ, ಬೆಂಕಿ ಆರಿಸುವ ಸಿಲಿಂಡರ್ ಯಾರ ಕೈಯಲ್ಲಿತ್ತು. ಕಿಡಿ ಕೊಡುವ ಇಗ್ನೀಷನ್ ಪೆಟ್ಟಿಗೆಯ ಬಗ್ಗೆ ತಪ್ಪದೆ ಬರೆಯಿರಿ. ಸ್ವಿಚ್ ಆಫ್ ಮಾಡಿದ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಚಾಲನೆಗೊಳಿಸಲಾಯಿತು’, ‘ಅಳವಡಿಸಲಾಯಿತು’ ಎಂದು ಬರೆದಾಗ ಮಾಡಿದವರು ಯಾರು ಎಂದೇ ಗೊತ್ತಾಗುವುದಿಲ್ಲ. ಮಾಡಿದ್ದು ನೀವು. ‘ಹಾಕಿದೆ’, ‘ತಿರುಗಿಸಿದೆ’, ‘ಹೆದರಿದೆ’ ಎಂದೇ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದ್ದೀರಿ.

ಆ ಪುಟದ ಫೋಟೊದಲ್ಲಿ ಬಲ ಅಂಚು ಕತ್ತರಿಸಿಹೋಗಿದೆ. ಏಳನೇ ಪ್ರಯತ್ನದ ಮುಂದೆ ‘ಈ ಸಲ ಕೈ ಬಿಡದೆ’ ಎನ್ನುವವರೆಗೆ ಮಾತ್ರ ಕಾಣುತ್ತದೆ. ಹೊಸ ಕರಡಿನ ಜೊತೆ ಆ ಸಾಲನ್ನೂ ಪೂರ್ತಿ ಕಳಿಸಿ.

ನಿಮ್ಮ,
ಸಂಪಾದಕ