ಸಂಗ್ರಹಕ್ಕೆ ಬೆಳ್ಳಿ ನಾಣ್ಯ ಕೊಳ್ಳುವಾಗ ಖೋಟಾ ನಾಣ್ಯಕ್ಕೆ ಬಲಿಯಾಗದಿರುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೆಳ್ಳಿ ನಾಣ್ಯ ಸಂಗ್ರಹಿಸುವ ಆಸೆ ಹುಟ್ಟಿದೆ, ಆನ್‌ಲೈನ್‌ನಲ್ಲಿ ಅಮೆರಿಕದ ಹಳೆಯ ಮಾರ್ಗನ್ ಡಾಲರ್ ಒಂದು ಕಣ್ಣಿಗೆ ಬಿದ್ದಿದೆ, ಮಾರುವವರು 'ತೂಕ ಹಾಕಿ ನೋಡಿಕೊಳ್ಳಿ, ಅಯಸ್ಕಾಂತ ಹಿಡಿದು ನೋಡಿಕೊಳ್ಳಿ' ಎಂದಿದ್ದಾರೆ. ಅಷ್ಟು ಪರೀಕ್ಷೆ ಸಾಕೇ?

ಸಾಲದು. ಯಾಕೆ ಸಾಲದು ಅನ್ನುವುದನ್ನು ನಾನು ದುಡ್ಡು ಕೊಟ್ಟು ಕಲಿತೆ, ಅದನ್ನೇ ಮೊದಲು ಹೇಳುತ್ತೇನೆ.

ಸಂಗ್ರಹ ಶುರುಮಾಡಿದ ಎರಡನೇ ವರ್ಷ ನಾನೂ ಒಂದು ಮಾರ್ಗನ್ ಡಾಲರ್ ಕೊಂಡೆ. 1889ರದು, ಹಿಂಭಾಗದಲ್ಲಿ ಮಾಲೆಯ ಗಂಟಿನ ಕೆಳಗೆ 'ಸಿಸಿ' ಎಂಬ ಪುಟ್ಟ ಗುರುತು. ಅಂದರೆ ನೆವಾಡದ ಕಾರ್ಸನ್ ಸಿಟಿ ಟಂಕಸಾಲೆಯಲ್ಲಿ ಅಚ್ಚಾದದ್ದು. ಬಂದ ದಿನವೇ ತೂಗಿದೆ, 26.7 ಗ್ರಾಂ ಚಿಲ್ಲರೆ. ಇರಬೇಕಾದದ್ದು 26.73. ವ್ಯಾಸ 38.1 ಮಿಲಿಮೀಟರ್, ಅದೂ ಸರಿ. ಅಯಸ್ಕಾಂತಕ್ಕೆ ಅಂಟಲಿಲ್ಲ. ನೀರಲ್ಲಿ ಮುಳುಗಿಸಿ ಸಾಂದ್ರತೆ ನೋಡಿದೆ, 90 ಪಾಲು ಬೆಳ್ಳಿ, 10 ಪಾಲು ತಾಮ್ರ ಎಷ್ಟಿರಬೇಕೋ ಅಷ್ಟೇ ಬಂತು. ಖುಷಿಯಿಂದ ಎತ್ತಿಟ್ಟೆ. ಮೂರು ತಿಂಗಳ ನಂತರ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದಾಗ ಅವರು ತಕ್ಕಡಿಯ ತಂಟೆಗೇ ಹೋಗಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕಣ್ಣಿಗೆ ಹಿಡಿದು, ನಾಣ್ಯವನ್ನು ಬೆಳಕಿಗೆ ಓರೆಯಾಗಿ ತಿರುಗಿಸಿ, 'ಇಲ್ಲಿ ನೋಡಿ' ಎಂದು ನನ್ನ ಕೈಗೆ ಕೊಟ್ಟರು. ಎರಡು 'ಸಿ'ಗಳ ಬುಡದ ಸುತ್ತ ಕೂದಲೆಳೆಯಷ್ಟು ತೆಳುವಾದ ಗೆರೆ, ಅದರಾಚೆ ಸುತ್ತಲಿನ ಮೈಯ ಹೊಳಪು ಸ್ವಲ್ಪ ಮಂಕು. ಬೇರೆಲ್ಲಿಂದಲೋ ತಂದ ಅಕ್ಷರವನ್ನು ಅಲ್ಲಿ ಕೂರಿಸಿದ್ದರು.

ಈ ಮೋಸದ ಲೆಕ್ಕ ಸುಲಭ. 1889ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಎರಡು ಕೋಟಿಗೂ ಹೆಚ್ಚು ಮಾರ್ಗನ್ ಡಾಲರ್ ಹೊಡೆಯಿತು, ಕಾರ್ಸನ್ ಸಿಟಿ ಹೊಡೆದದ್ದು ಮೂರೂವರೆ ಲಕ್ಷ. ಫಿಲಡೆಲ್ಫಿಯಾದ ನಾಣ್ಯಕ್ಕೆ ಗುರುತೇ ಇರುವುದಿಲ್ಲ, ಆ ಜಾಗ ಖಾಲಿ. ಸುಲಭವಾಗಿ ಸಿಗುವ ಅಸಲಿ ನಾಣ್ಯವೊಂದರ ಖಾಲಿ ಜಾಗದಲ್ಲಿ ಎರಡು ಅಕ್ಷರ ಕೂರಿಸಿದರೆ ಅದು ಅಪರೂಪದ ನಾಣ್ಯವಾಗಿಬಿಡುತ್ತದೆ. ಬೆಳ್ಳಿ ಅಸಲಿ, ತೂಕ ಅಸಲಿ, ಸದ್ದು ಅಸಲಿ. ಸುಳ್ಳಾಗಿದ್ದದ್ದು ನಾನು ದುಡ್ಡು ಸುರಿದ ಆ ಎರಡು ಅಕ್ಷರ ಮಾತ್ರ.

ಆದ್ದರಿಂದ ನಾಣ್ಯ ಕೈಗೆ ಬರುವ ಮೊದಲೇ ಒಂದು ವಿಷಯ ನಿಮಗೆ ಸ್ಪಷ್ಟವಾಗಿರಲಿ: ನೀವು ದುಡ್ಡು ಕೊಡುತ್ತಿರುವುದು ಲೋಹಕ್ಕೋ, ಅಪರೂಪಕ್ಕೋ? ಎರಡಕ್ಕೂ ಮೋಸದ ದಾರಿ ಬೇರೆ, ಪರೀಕ್ಷೆಯೂ ಬೇರೆ. ತಕ್ಕಡಿ ಲೋಹದ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ.

ಲೋಹದ ಮಾತನ್ನು ಮೊದಲು ಮುಗಿಸೋಣ. ಅಗ್ಗದ ಖೋಟಾ ನಾಣ್ಯಗಳೆಂದರೆ ಸಾಮಾನ್ಯವಾಗಿ ತಾಮ್ರ, ಹಿತ್ತಾಳೆ, ನಿಕಲ್ ಅಥವಾ ಕಬ್ಬಿಣದ ಬಿಲ್ಲೆಗೆ ಬೆಳ್ಳಿಯ ಲೇಪ ಕೊಟ್ಟವು. ಇವುಗಳಿಗೆ ಸಾಂದ್ರತೆಯೇ ಶತ್ರು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ತಾಮ್ರದ್ದು 8.96, ಕಬ್ಬಿಣದ್ದು 7.87, ಸತುವಿನದು 7.14. ಅಳತೆ ಸರಿ ಮಾಡಿದರೆ ತೂಕ ಕಡಿಮೆ ಬೀಳುತ್ತದೆ, ತೂಕ ಸರಿ ಮಾಡಿದರೆ ದಪ್ಪವೋ ವ್ಯಾಸವೋ ಹೆಚ್ಚಾಗುತ್ತದೆ. ಹಾಗಾಗಿ ತೂಕ, ವ್ಯಾಸ, ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಈ ಎರಡನ್ನು ಮೊದಲ ನಾಣ್ಯಕ್ಕಿಂತ ಮುಂಚೆ ಕೊಳ್ಳಿ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ನೀರಿನ ಪರೀಕ್ಷೆ. ನನಗೆ ತುಂಬ ಇಷ್ಟವಾದದ್ದೂ ಇದೇ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ನಾಣ್ಯದ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಣ ತೂಕವನ್ನು ಅದರಿಂದ ಭಾಗಿಸಿ. ಮಾರ್ಗನ್ ಡಾಲರ್ ಆದರೆ ತಕ್ಕಡಿ 2.59ರ ಆಸುಪಾಸು ತೋರಿಸಬೇಕು, ಭಾಗಿಸಿದಾಗ 10.3 ಬರಬೇಕು. ಅಪ್ಪಟ ಬೆಳ್ಳಿಯ ನಾಣ್ಯವಾದರೆ 10.5ರ ಹತ್ತಿರ. ಈ ಪರೀಕ್ಷೆಯ ದೊಡ್ಡ ಗುಣವೆಂದರೆ, ಚಲಾವಣೆಯಲ್ಲಿ ಸವೆದು ತೂಕ ಕಳೆದುಕೊಂಡ ನಾಣ್ಯದಲ್ಲೂ ಸಾಂದ್ರತೆ ಬದಲಾಗುವುದಿಲ್ಲ. ಮುಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಒಂದು ಮಾತು: ಸೀಸ ಬೆಳ್ಳಿಗಿಂತ ಭಾರ, 11.34. ಅದಕ್ಕೆ ತವರ ಬೆರೆಸಿದರೆ ಸಾಂದ್ರತೆಯನ್ನು ಬೆಳ್ಳಿಯ ಹತ್ತಿರಕ್ಕೆ ತರಬಹುದು. ಅಂಥದ್ದನ್ನು ಹಿಡಿದುಕೊಡುವುದು ಕಿವಿ. ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ಅಂಚಿಗೆ ಮೆಲ್ಲನೆ ತಟ್ಟಿದರೆ ಬೆಳ್ಳಿ ಗಂಟೆಯಂತೆ ಎಳೆದು ಮಿಡಿಯುತ್ತದೆ, ಸೀಸದ ಬೆರಕೆ ದಬ್ ಎಂದು ಸತ್ತುಹೋಗುತ್ತದೆ. ಬೆಲೆಬಾಳುವ ನಾಣ್ಯಕ್ಕೆ ತಟ್ಟಿ ನೋಡುವುದು ಬೇಡ, ಅಂಚಿಗೆ ಗಾಯವಾದೀತು.

ಅಯಸ್ಕಾಂತದಿಂದ ಗೊತ್ತಾಗುವುದು ಸ್ವಲ್ಪ. ಅಂಟಿದರೆ ಖೋಟಾ ಎಂದು ಖಚಿತ. ಅಂಟದಿದ್ದರೆ ಬೆಳ್ಳಿ ಎಂದಲ್ಲ, ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ನಾಣ್ಯದ ಮೇಲೆ ಐಸ್ ಇಟ್ಟು ಬೇಗ ಕರಗುತ್ತದೆಯೇ ನೋಡುವ ವೀಡಿಯೊಗಳನ್ನು ನೀವೂ ನೋಡಿರಬಹುದು. ಶಾಖ ಸಾಗಿಸುವುದರಲ್ಲಿ ಬೆಳ್ಳಿಯೇ ಮೊದಲು ನಿಜ, ಆದರೆ ತಾಮ್ರ ಅದರ ಬೆನ್ನಿಗೇ ಇದೆ. ಲೇಪ ಹಚ್ಚಿದ ತಾಮ್ರದ ಬಿಲ್ಲೆ ಐಸನ್ನು ಹೆಚ್ಚುಕಡಿಮೆ ಅಷ್ಟೇ ಬೇಗ ಕರಗಿಸುತ್ತದೆ. ಅಂಗಡಿಗಳಲ್ಲಿರುವ, ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಓದುವುದು ಮೇಲ್ಪದರವನ್ನು, ಲೇಪ ದಪ್ಪವಾಗಿದ್ದರೆ ಅದೂ ಏಮಾರುತ್ತದೆ. ಇನ್ನು ಆಸಿಡ್ ಹನಿ ಹಾಕುವುದು, ಅರದಿಂದ ಕೆರೆಯುವುದು, ಇವೆರಡನ್ನು ಸಂಗ್ರಹದ ನಾಣ್ಯಕ್ಕೆ ದಯವಿಟ್ಟು ಮಾಡಬೇಡಿ. ಅಸಲಿ ಎಂದು ಗೊತ್ತಾಗುವ ಹೊತ್ತಿಗೆ ಅದರ ಬೆಲೆಯನ್ನು ನೀವೇ ಕೆರೆದು ಹಾಕಿರುತ್ತೀರಿ.

ಈಗ ಅಪರೂಪದ ಮಾತು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವವರು ನಿಜವಾಗಿ ಕಳೆದುಕೊಳ್ಳುವುದು ಇಲ್ಲಿ.

ಶುರುವಿಗೆ, ಆ ವರ್ಷ ಆ ಟಂಕಸಾಲೆಯಲ್ಲಿ ಅಂಥ ನಾಣ್ಯ ಹುಟ್ಟಿತ್ತೇ ನೋಡಿ. ಮಾರ್ಗನ್ ಡಾಲರ್ 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಅಚ್ಚಾಯಿತು, ನಂತರ 2021ರಿಂದ ಸಂಗ್ರಾಹಕರಿಗಾಗಿ ಮತ್ತೆ ಹೊರಬಂತು. ಕಾರ್ಸನ್ ಸಿಟಿಯಲ್ಲಿ 1886, 1887, 1888ರಲ್ಲಿ ಒಂದೂ ಆಗಲಿಲ್ಲ. ಹೀಗಿದ್ದೂ 1887ರ ಜೊತೆ 'ಸಿಸಿ' ಇರುವ ನಾಣ್ಯವನ್ನು ಯಾರಾದರೂ ತೋರಿಸಿದರೆ ಲೂಪ್ ತೆಗೆಯುವ ಕೆಲಸವೂ ಇಲ್ಲ. ಎರಡು ಮುಖಗಳ ದಿಕ್ಕನ್ನೂ ನೋಡಿ. ಅಮೆರಿಕದ ನಾಣ್ಯವನ್ನು ಎಡಬಲಕ್ಕೆ ಹೊರಳಿಸಿದರೆ ಹಿಂಭಾಗ ತಲೆಕೆಳಗಾಗಿ ಕಾಣಬೇಕು, ಮೇಲೆ ಕೆಳಗೆ ಹೊರಳಿಸಿದರೆ ನೇರವಾಗಿ. ಅವಸರದಲ್ಲಿ ಮಾಡಿದ ಎಷ್ಟೋ ನಕಲುಗಳು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ.

ಲೂಪ್ ಹಿಡಿದಾಗ ಎರಕದ ಗುರುತುಗಳನ್ನು ಹುಡುಕಿ: ಸಾಬೂನಿನಂತೆ ಜಾರಿದ ಅಕ್ಷರಗಳು, ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನ ಸುತ್ತ ಬೆಸೆದ ಗೆರೆ. ಅಚ್ಚಿನ ಹೊಡೆತಕ್ಕೆ ಹುಟ್ಟಿದ, ಸವೆಯದ ನಾಣ್ಯದಲ್ಲಿ ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ, ಎರಕದ್ದರಲ್ಲಿ ಆ ಸುತ್ತಾಟ ಇರುವುದಿಲ್ಲ. ಇನ್ನೊಂದು ಜಾತಿ ಇದಕ್ಕಿಂತ ಜಾಣ. ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು, ಆ ಅಚ್ಚಿನಿಂದ ಹೊಡೆಯುತ್ತಾರೆ. ಅಸಲಿಯ ಮೈಮೇಲೆ ಇದ್ದ ಗೀರು, ಗುಳಿ ಎಲ್ಲ ಪ್ರತಿ ನಕಲಿಗೂ ಇಳಿಯುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗಾಯ ಕಂಡರೆ ಕೈ ಹಿಂತೆಗೆಯಿರಿ.

ಇದರಲ್ಲಿ ಪರಿಣತರೂ ಎಡವಿದ್ದಾರೆ. 1896, 1900, 1902ರ ಮಾರ್ಗನ್ ಡಾಲರುಗಳಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆಯ 'ಓ' ಗುರುತು ತೀರಾ ಚಿಕ್ಕದಾಗಿರುವ ಬಗೆಯೊಂದಿತ್ತು. ಸಂಗ್ರಾಹಕರು ಅದನ್ನು ಅಪರೂಪದ ಬಗೆ ಎಂದೇ ಹುಡುಕಿ ಕೊಳ್ಳುತ್ತಿದ್ದರು, ಪ್ರಮಾಣೀಕರಣ ಸಂಸ್ಥೆಗಳೂ ಅಸಲಿ ಎಂದು ಮುದ್ರೆ ಒತ್ತಿದ್ದವು. 2005ರಲ್ಲಿ ಪಿಸಿಜಿಎಸ್ ಎಂಬ ಅಂಥದ್ದೇ ಅಮೆರಿಕದ ಸಂಸ್ಥೆ ಅವು ಹಳೆಯ ಕಾಲದ ಖೋಟಾ ನಾಣ್ಯಗಳೆಂದು ತೀರ್ಮಾನಿಸಿತು. ಬೆಳ್ಳಿಯಲ್ಲೇ ಮಾಡಿದ್ದರು, ಅದಕ್ಕೇ ಯಾವ ತಕ್ಕಡಿಯೂ ಪಿಟ್ಟೆನ್ನಲಿಲ್ಲ.

ಹಾಗೆಂದು ಪ್ರಮಾಣೀಕರಣ ವ್ಯರ್ಥವೆಂದು ಭಾವಿಸಬೇಡಿ. ದುಬಾರಿ ನಾಣ್ಯವನ್ನು ನಾನು ಈಗ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆ ಪರೀಕ್ಷಿಸಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಲ್ಲದೆ ಕೊಳ್ಳುವುದೇ ಇಲ್ಲ. ಮೊದಲನೆಯದು 1986ರಿಂದ, ಎರಡನೆಯದು 1987ರಿಂದ ಇದೇ ಕೆಲಸ ಮಾಡುತ್ತಿವೆ, 1ರಿಂದ 70ರ ಅಳತೆಯಲ್ಲಿ ದರ್ಜೆ ಕೊಡುತ್ತವೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ, ಮಾರುವವರು ಕಳಿಸಿದ ಲಿಂಕ್ ಒತ್ತಬೇಡಿ. ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ, ಅವರು ನಿಜವಾದ ಸಂಖ್ಯೆಯನ್ನೇ ಕದ್ದು ಹಾಕುತ್ತಾರೆ. ಹಾಗಾಗಿ ಸಂಖ್ಯೆ ಸಿಕ್ಕಿತೆಂದು ನಿಲ್ಲಿಸದೆ, ಅಲ್ಲಿ ಫೋಟೊ ಇದ್ದರೆ ಗೀರು ಗೀರನ್ನೂ, ಬಣ್ಣದ ಛಾಯೆಯನ್ನೂ ಹೋಲಿಸಿ.

ಮೋಸದ ಮೂರನೇ ಬಗೆಯೊಂದಿದೆ, ಅದರಲ್ಲಿ ನಾಣ್ಯ ಪೂರ್ತಿ ಅಸಲಿ, ಅದರ ಬಗ್ಗೆ ಹೇಳುವ ಕತೆ ಮಾತ್ರ ಸುಳ್ಳು. ಆಸ್ಟ್ರಿಯಾದ ರಾಣಿಯ ಹೆಸರಿನ ಮರಿಯಾ ಥೆರೇಸಾ ಥೇಲರ್ ಎಂಬ ಬೆಳ್ಳಿ ನಾಣ್ಯ ಒಳ್ಳೆಯ ಉದಾಹರಣೆ. ಅದರ ಮೇಲೆ 1780 ಎಂದಿರುತ್ತದೆ, ಆದರೆ ಅದೇ ಇಸವಿ ಇಟ್ಟುಕೊಂಡು ವಿಯೆನ್ನಾ, ರೋಮ್, ಲಂಡನ್, ಮುಂಬಯಿ ಸೇರಿ ಹಲವು ಟಂಕಸಾಲೆಗಳು ಇಪ್ಪತ್ತನೇ ಶತಮಾನದಲ್ಲೂ ಹೊಡೆದವು. ಸುಮಾರು 28.07 ಗ್ರಾಂ ತೂಕದ, ಸಾವಿರಕ್ಕೆ 833 ಪಾಲು ಬೆಳ್ಳಿಯ ಚೆಂದದ ನಾಣ್ಯ. ಬೆಳ್ಳಿಯ ಬೆಲೆಗೆ ಕೊಳ್ಳಿ, ಹದಿನೆಂಟನೇ ಶತಮಾನದ ಬೆಲೆ ಕೊಡಬೇಡಿ. ಹಾಗೆಯೇ ಉಜ್ಜಿ ಬೆಳಗಿಸಿದ ಹಳೆಯ ನಾಣ್ಯವನ್ನು 'ಹೊಸದರಂತಿದೆ' ಎಂದು ಮಾರುತ್ತಾರೆ. ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಕಂಡರೆ ಅದು ಪಾಲಿಶ್ ಕಂಡ ನಾಣ್ಯ, ಸಂಗ್ರಾಹಕರ ನಡುವೆ ಅದರ ಬೆಲೆ ಬಿದ್ದುಹೋಗಿರುತ್ತದೆ.

ನೀವು ಈಗಷ್ಟೇ ಶುರುಮಾಡುವವರು, ಆದ್ದರಿಂದ ಮೊದಲ ಕೆಲವು ನಾಣ್ಯಗಳು ಈಚಿನವಾಗಿರಲಿ ಎನ್ನುವುದು ನನ್ನ ಸಲಹೆ. ಅಮೆರಿಕದ ಸಿಲ್ವರ್ ಈಗಲ್ ನಾಣ್ಯದ (1986ರಿಂದ ಬರುತ್ತಿದೆ, 31.1 ಗ್ರಾಂ, 40.6 ಮಿಲಿಮೀಟರ್) 2021ರ ಹೊಸ ವಿನ್ಯಾಸದಲ್ಲಿ ಅಂಚಿನ ಗೆರೆಗಳ ಸಾಲಿನಲ್ಲಿ ಒಂದು ಕಡೆ ಬೇಕೆಂದೇ ಗೆರೆ ಹಾಕದೆ ಬಿಟ್ಟಿದ್ದಾರೆ. ಕೆನಡಾದ ಮೇಪಲ್ ಲೀಫ್‌ನಲ್ಲಿ 2014ರಿಂದ ಮೈತುಂಬ ಕಿರಣದಂಥ ನವಿರು ಗೆರೆಗಳಿವೆ, ಲೂಪ್‌ನಲ್ಲಿ ಮಾತ್ರ ಕಾಣುವ ಲೇಸರ್ ಎಲೆಯೊಳಗೆ ಇಸವಿಯ ಕೊನೆಯ ಎರಡು ಅಂಕಿಗಳಿವೆ. ಬ್ರಿಟನ್ನಿನ ಬ್ರಿಟಾನಿಯಾದಲ್ಲಿ 2021ರಿಂದ, ಓರೆಮಾಡಿದರೆ ತ್ರಿಶೂಲ ಬೀಗವಾಗಿ ಬದಲಾಗುವ ಚಿತ್ರವಿದೆ. ಇಂಥವನ್ನು ಕೈಯಲ್ಲಿ ಹಿಡಿದು, ತೂಗಿ, ತಿರುಗಿಸಿ ನೋಡುತ್ತಾ ಹೋದರೆ ಕಣ್ಣಿಗೂ ಕಿವಿಗೂ ಅಸಲಿ ಬೆಳ್ಳಿಯ ಪರಿಚಯವಾಗುತ್ತದೆ. ಆ ಪರಿಚಯವನ್ನು ಯಾವ ವೀಡಿಯೊವೂ ಕೊಡಲಾರದು.

ಕೊನೆಗೆ ಮಾರುವವರ ವಿಷಯ. ನಾಣ್ಯದೊಳಗಿನ ಬೆಳ್ಳಿಯ ಬೆಲೆಗಿಂತ ಕಡಿಮೆಗೆ ಕೊಡುತ್ತೇನೆ ಎಂದರೆ, ಅವರು ಅದನ್ನು ಕರಗಿಸಿ ಮಾರಿಯೇ ಹೆಚ್ಚು ಗಳಿಸಬಹುದಿತ್ತಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಕರಾರು ಎತ್ತಿದರೆ ಹಣ ವಾಪಸ್ಸಾಗುವ ದಾರಿಯಲ್ಲೇ ಪಾವತಿ ಮಾಡಿ. 'ಗೆಳೆಯರಿಗೆ ಕಳಿಸುವ ಹಾಗೆ ಕಳಿಸಿ' ಎಂದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ. ಇಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂಬ ಮಾತು ಬರಹದಲ್ಲಿರಲಿ. ಪೊಟ್ಟಣ ಬಿಚ್ಚುವುದರಿಂದ ತಕ್ಕಡಿಗೆ ಇಡುವವರೆಗೆ ಒಂದೇ ಓಟದ ವೀಡಿಯೊ ತೆಗೆಯಿರಿ, ಬಂದ ದಿನವೇ ಪರೀಕ್ಷಿಸಿ. ಗುರುತನ್ನು ಪರೀಕ್ಷಿಸದೆ ನಾನು ಮೂರು ತಿಂಗಳು ಬಿಟ್ಟೆ, ಅಷ್ಟರಲ್ಲಿ ವಾಪಸಾತಿಯ ಗಡುವು ಮುಗಿದಿತ್ತು, ಮಾರಿದವರು ಉತ್ತರಿಸುವುದನ್ನೇ ನಿಲ್ಲಿಸಿದರು. ಆ ನಾಣ್ಯ ಈಗಲೂ ನನ್ನ ಬಳಿಯೇ ಇದೆ, 'ಗುರುತು ಖೋಟಾ' ಎಂದು ಬರೆದ ಲಕೋಟೆಯಲ್ಲಿ. ನನ್ನ ಕೈಯಿಂದ ಅದು ಇನ್ನೊಬ್ಬರ ಕೈಗೆ ಹೋಗಬಾರದು.

ನೀವು ನೋಡಿರುವ ಮಾರ್ಗನ್ ಡಾಲರಿಗೆ ದುಡ್ಡು ಕೊಡುವ ಮೊದಲು ಅವರನ್ನು ನಾಲ್ಕು ಫೋಟೊ ಕೇಳಿ: ಎರಡು ಮುಖ, ಅಂಚು, ಮತ್ತು ಮಾಲೆಯ ಕೆಳಗಿನ ಗುರುತಿನ ಜಾಗ ಹತ್ತಿರದಿಂದ. ಎಲ್ಲವೂ ಅದೇ ನಾಣ್ಯದ್ದು, ಇಂದಿನ ದಿನಾಂಕ ಬರೆದ ಚೀಟಿಯ ಪಕ್ಕದಲ್ಲಿಟ್ಟು ತೆಗೆದದ್ದು. ಕಳಿಸಿದರೆ ಇಸವಿ ಮತ್ತು ಗುರುತು ಸಮೇತ ಈ ಉತ್ತರದ ಕೆಳಗೆ ಹಾಕಿ, ನಾನೂ ನೋಡುತ್ತೇನೆ. ಕಳಿಸದಿದ್ದರೆ ಆ ನಾಣ್ಯದ ಆಸೆ ಬಿಟ್ಟುಬಿಡಿ.