ಓದುಗರ ಪ್ರಶ್ನೆ: ಜಪಾನಿನ ಕೊಡಲಿ

ಪ್ರಶ್ನೆ: ಜಪಾನಿ ಕೊಡಲಿಯ ಒಂದು ಮೈಯಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು ಗೀರುಗಳಿರುತ್ತವೆ. ಏಕೆ?

ಉತ್ತರ: ಮೂರು ಗೀರು ‘ಮಿಕಿ’; ದೇವರಿಗಿಡುವ ಅಕ್ಕಿಯ ಮದ್ಯಕ್ಕೂ ಅದೇ ಹೆಸರು. ನಾಲ್ಕು ಗೀರು ‘ಯೊಕಿ’. ಮಣ್ಣು, ನೀರು, ಬೆಂಕಿ, ಗಾಳಿಗೆ ಒಂದೊಂದು ಎನ್ನುವುದು ರೂಢಿಯ ಅರ್ಥ. ಕೊಡಲಿಯನ್ನೇ ಯೊಕಿ ಎಂದು ಕರೆಯುವುದೂ ಉಂಟು. ಕಡಿಯುವ ಮುಂಚೆ ಕೊಡಲಿಯನ್ನು ಮರದ ಬುಡಕ್ಕೆ ಒರಗಿಸಿ ಕೈಮುಗಿಯುತ್ತಾರೆ. ಪೂಜೆಯ ಸಾಮಾನು ಹೊತ್ತೊಯ್ಯಲಾಗದ ಕಾಡಿನಲ್ಲಿ ಆ ಗೀರುಗಳೇ ನೈವೇದ್ಯ.

ಪ್ರಶ್ನೆ: ಜಪಾನಿನ ಶಿಂಟೋ ಧರ್ಮದ ಇಸೆ ದೇಗುಲಕ್ಕೆ ಬೇಕಾದ ಮರವನ್ನು ಇಂದಿಗೂ ಕೊಡಲಿಯಿಂದಲೇ ಉರುಳಿಸುತ್ತಾರಂತೆ. ಹೇಗೆ?

ಉತ್ತರ: ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಮುಂದಿನದು 2033ಕ್ಕೆ. ಅದಕ್ಕೆ ಬೇಕಾದ ಹಿನೋಕಿ (ಸೈಪ್ರೆಸ್ ಜಾತಿಯ) ಮರ ಕಡಿಯುವ ಮೊದಲ ವಿಧಿ 2025ರ ಜೂನ್ 3ರಂದು ನಾಗಾನೊ ಪ್ರಾಂತ್ಯದ ಅಗೆಮತ್ಸುವಿನಲ್ಲಿ ನಡೆಯಿತು. ವಿಧಾನದ ಹೆಸರು ‘ಮಿತ್ಸುಹಿಮೊ-ಗಿರಿ’. ಬುಡದ ಮೂರು ಕಡೆಯಿಂದ ಕಡಿಯುತ್ತಾ ಒಳಹೋಗುತ್ತಾರೆ. ಮೂರೂ ಗುಂಡಿಗಳು ನಡುವೆ ಕೂಡಿದಾಗ ತಿರುಳು ಪೂರ್ತಿ ಖಾಲಿ. ಹೊರಗೆ ಮೂರು ಕಾಲುಗಳ ಮೇಲಷ್ಟೇ ಮರ ನಿಂತಿರುತ್ತದೆ, ಒಲೆಯ ಮೂರು ಕಲ್ಲುಗಳ ಮೇಲಿನ ಮಡಕೆಯಂತೆ. ಬೀಳಬೇಕಾದ ದಿಕ್ಕಿನ ಬೆನ್ನಿಗಿರುವ ಕಾಲನ್ನು ಕೊನೆಗೆ ಕಡಿದರೆ ಉಳಿದೆರಡು ಕಾಲುಗಳು ಕೀಲಿನಂತೆ ಬಾಗಿ ಮರವನ್ನು ಅದೇ ದಿಕ್ಕಿಗೆ ಇಳಿಸುತ್ತವೆ. ಸಾಮಾನ್ಯ ರೀತಿಯಲ್ಲಿ ಕಡಿದರೆ ನಡುವಿನ ನಾರು ಬೀಳುವಾಗ ಕಿತ್ತು ಬಂದು, ಬೆಲೆಬಾಳುವ ದಿಮ್ಮಿ ಉದ್ದಕ್ಕೂ ಸೀಳುವ ಭಯ. ಇಲ್ಲಿ ಕಿತ್ತುಬರಲು ನಡುವೆ ನಾರೇ ಇಲ್ಲ. ಸಮಯ ಹೆಚ್ಚು ಹಿಡಿದರೂ ಇಷ್ಟು ಅಚ್ಚುಕಟ್ಟಾದ ಕೊಡಲಿ ಕೆಲಸ ಬೇರೆಡೆ ಸಿಗುವುದು ಅಪರೂಪ.

ಪ್ರಶ್ನೆ: ಕೊಡಲಿಯನ್ನು ಯುದ್ಧದಲ್ಲಿ ಬಳಸುತ್ತಿದ್ದರೇ?

ಉತ್ತರ: ಬಳಸಿದ್ದುಂಟು, ಆದರೆ ಕಡಿಮೆ. ಅಗಲ ಬಾಯಿಯ ‘ಮಸಕರಿ’ ಯೋಧ ಸನ್ಯಾಸಿ ಬೆಂಕೆಯ ಏಳು ಆಯುಧಗಳಲ್ಲೊಂದು ಎನ್ನುತ್ತದೆ ಐತಿಹ್ಯ. ಬಾಲವೀರ ಕಿಂತಾರೊನ ಹೆಗಲ ಮೇಲೂ ಅದೇ. ಕೋಟೆಬಾಗಿಲು ಒಡೆಯಲು ಕೊಡಲಿಯೇ ಸರಿ. ಆದರೆ ಭಾರವೆಲ್ಲ ತುದಿಯಲ್ಲಿರುವುದರಿಂದ ಏಟು ತಪ್ಪಿದರೆ ಮತ್ತೆ ಎತ್ತುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ, ತಿವಿಯಲೂ ಬಾರದು. ಈಟಿ, ನಗಿನಾತಗಳು (ಉದ್ದ ಕೋಲಿನ ತುದಿಗೆ ಬಾಗಿದ ಅಲಗಿರುವ ಆಯುಧ) ಮುಂದಾದದ್ದು ಹಾಗಾಗಿ.

ಪ್ರಶ್ನೆ: ನನ್ನ ಜಪಾನಿ ಕೊಡಲಿಯ ಕಾವು ಸಡಿಲವಾಗಿದೆ. ನೀರಲ್ಲಿ ನೆನೆಸಲೇ?

ಉತ್ತರ: ಬೇಡ. ನೆಂದ ಮರ ಉಬ್ಬಿ ಕಬ್ಬಿಣಕ್ಕೆ ಒತ್ತಿಕೊಂಡು, ಅಂಚಿನ ನಾರು ಜಜ್ಜಿಹೋಗುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಜಪಾನಿ ಕೊಡಲಿಯಲ್ಲಿ ಕಾವು ತೂರಿಸುವ ಕಣ್ಣು ಕಿರಿದಾದ ಆಯತಾಕಾರದ್ದು, ಸ್ವಲ್ಪ ಸವೆದರೂ ತಲೆ ಆಡುತ್ತದೆ. ಕಾವು ಬಿಚ್ಚಿ ಪೂರ್ತಿ ಒಣಗಿಸಿ, ಹೊಸ ಬೆಣೆ ಹೊಡೆಯಿರಿ. ಕಾವೇ ಬದಲಿಸುವುದಾದರೆ ನೇರ ಎಳೆಯ ಓಕ್ ಮರ ನೋಡಿಕೊಳ್ಳಿ. ಅಡ್ಡ ಎಳೆಯದು ಮುರಿಯುತ್ತದೆ, ತಲೆ ಹಾರುತ್ತದೆ. ಬಾಯನ್ನು ಗ್ರೈಂಡರಿಗೆ ಕೊಡಬೇಡಿ: ಮೆದು ಕಬ್ಬಿಣದ ಮೈಗೆ ಬೆಸೆದ ಗಟ್ಟಿ ಉಕ್ಕು ತುದಿಯಲ್ಲಷ್ಟೇ ಇರುತ್ತದೆ, ಬಿಸಿಗೆ ಅಂಚು ನೀಲಿಗೆ ತಿರುಗಿತೆಂದರೆ ಅದರ ಹದ ಹೋಯಿತು. ನೀರು ಹಾಕಿ ಸಾಣೆಕಲ್ಲಿನಲ್ಲೇ ಮಸೆಯಿರಿ.